ತ್ರೀ ನಾಟ್ ತ್ರೀ ಮ್ಯಾಗಜಿನ್‌ಗೆ ಹತ್ತನೇ ತೋಟಾ ಯಾಕೆ ಇಳಿಯಲ್ಲ?

ಹಳೆಯ ತ್ರೀ ನಾಟ್ ತ್ರೀ (.303) ರೈಫಲ್ ಜೋಪಾನ ಮಾಡುವವರು ಒಂದಲ್ಲ ಒಂದು ದಿನ ಈ ದೂರು ಹೇಳಿಯೇ ಹೇಳುತ್ತಾರೆ. ಹತ್ತು ತೋಟಾ ಹಿಡಿಯಬೇಕಾದ ಮ್ಯಾಗಜಿನ್, ಅಂದರೆ ರೈಫಲ್‌ನ ತೋಟಾ ಪೆಟ್ಟಿಗೆ, ಎಂಟಕ್ಕೋ ಒಂಬತ್ತಕ್ಕೋ ನಿಂತುಬಿಡುತ್ತದೆ. ಇಲ್ಲವೇ ಹತ್ತೂ ಇಳಿಯುತ್ತವೆ, ಆದರೆ ತೋಟಾವನ್ನು ನಳಿಗೆಗೆ ದೂಡುವ ಬೋಲ್ಟ್ ತಳ್ಳಿದರೆ ಮೇಲಿನದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ತಕ್ಷಣ ಬೈಗುಳ ಬೀಳುವುದು ಸ್ಪ್ರಿಂಗ್ ಮೇಲೆ. ಸ್ಪ್ರಿಂಗ್ ಹೊಸದು ಹಾಕಿದರೂ ಕಥೆ ಅದೇ ಆದಾಗ ತಲೆ ಕೆಡುತ್ತದೆ, ಅಲ್ವಾ? ನನ್ನ ಪ್ರಕಾರ ಮೊದಲು ನೋಡಬೇಕಾದ್ದು ತೋಟಾದ ಬುಡವನ್ನು.

.303 ತೋಟಾದ ಬುಡದಲ್ಲಿ ಮೊಳೆಯ ತಲೆಯ ಹಾಗೆ ಹೊರಚಾಚಿದ ಒಂದು ಅಂಚಿದೆ. ಅದೇ ರಿಮ್. ತೋಟಾದ ಮೈ ಬುಡದ ಹತ್ತಿರ ಸುಮಾರು 11.7 ಮಿ.ಮೀ. ದಪ್ಪ, ರಿಮ್ 13.7 ಮಿ.ಮೀ. ಅಗಲ. ಒಂದು ಹಿಡಿ ಮೊಳೆ ತಗೊಂಡು ಡಬ್ಬಿಯಲ್ಲಿ ಒಂದರ ಮೇಲೊಂದು ಒತ್ತಿ ಜೋಡಿಸಿ ನೋಡಿ. ತಲೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಮ್ಯಾಗಜಿನ್ ಒಳಗೆ ಆಗುವುದೂ ಅದೇ. ಮೇಲಿನ ತೋಟಾದ ರಿಮ್ ಕೆಳಗಿನದರ ರಿಮ್‌ಗಿಂತ ಮುಂದೆ ಕೂತಿರಬೇಕು. ಅಪ್ಪಿತಪ್ಪಿ ಹಿಂದೆ ಕೂತರೆ, ಬೋಲ್ಟ್ ಮೇಲಿನದನ್ನು ಮುಂದಕ್ಕೆ ದೂಡಿದಾಗ ಅದು ಕೆಳಗಿನದರ ರಿಮ್‌ಗೆ ಬಡಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಇದಕ್ಕೆ ರಿಮ್ ಲಾಕ್ ಅನ್ನುತ್ತಾರೆ.

ಹಾಗಿದ್ದರೆ ಈ ರಿಮ್ ಯಾಕೆ ಬೇಕಿತ್ತು? ತ್ರೀ ನಾಟ್ ತ್ರೀ ವಂಶದ ಮೊದಲನೆಯದಾದ ಲೀ-ಮೆಟ್‌ಫರ್ಡ್ ರೈಫಲ್ ಬ್ರಿಟಿಷ್ ಸೇನೆಗೆ ಬಂದದ್ದು 1888ರಲ್ಲಿ. ಅದಕ್ಕೂ ಮೊದಲಿದ್ದ ಮಾರ್ಟಿನಿ-ಹೆನ್ರಿ ಒಂದೊಂದೇ ತೋಟಾ ತುಂಬುವ ರೈಫಲ್. ಅದರಲ್ಲಿ ರಿಮ್ ಒಳ್ಳೆಯದೇ ಮಾಡುತ್ತಿತ್ತು. ತೋಟಾ ನಳಿಗೆಯಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ರಿಮ್ಮೇ ನೋಡಿಕೊಳ್ಳುತ್ತದೆ, ಖಾಲಿ ಚಿಪ್ಪು ಎಳೆದು ತೆಗೆಯಲೂ ಒಳ್ಳೆ ಹಿಡಿತ. ತಯಾರಿಕೆಯಲ್ಲಿ ಕೂದಲೆಳೆಯಷ್ಟು ಆಚೀಚೆ ಆದರೂ ನಡೆಯುತ್ತಿತ್ತು. ಹೊಸ ರೈಫಲ್‌ಗೆ ಜೇಮ್ಸ್ ಪ್ಯಾರಿಸ್ ಲೀ ಅವರ ಪೆಟ್ಟಿಗೆ ಮ್ಯಾಗಜಿನ್ ಬಂತು, ಹಳೆಯ ರಿಮ್ ಮಾತ್ರ ಹಾಗೇ ಉಳಿಯಿತು. ಅದೇ 1888ರಲ್ಲಿ ಜರ್ಮನಿ ರಿಮ್ ಇಲ್ಲದ ತೋಟಾಕ್ಕೆ ಹೋಯಿತು. ಬ್ರಿಟಿಷರು ಆಗಲೇ ಹಾಗೆ ಮಾಡಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಮೊದಲ ಮ್ಯಾಗಜಿನ್ ಹಿಡಿಯುತ್ತಿದ್ದದ್ದು ಎಂಟು. 1892ರ ಮಾದರಿಯಲ್ಲಿ ಎರಡು ಸಾಲಾಗಿ ಕೂರಿಸಿ ಹತ್ತಕ್ಕೆ ಏರಿಸಿದರು. ಆದರೂ ಸೈನಿಕ ಆ ಹತ್ತನ್ನು ಸುಮ್ನೆ ಖರ್ಚು ಮಾಡುವ ಹಾಗಿರಲಿಲ್ಲ. ಕಟ್-ಆಫ್ ಅನ್ನುವ ತಗಡೊಂದು ಮ್ಯಾಗಜಿನ್ ಬಾಯಿಗೆ ಅಡ್ಡ ಬರುತ್ತಿತ್ತು. ಒಂದೊಂದೇ ತುಂಬಿ ಹೊಡಿ, ಮ್ಯಾಗಜಿನ್ ಆಪತ್ತಿಗೆ ಇರಲಿ ಅನ್ನುವುದು ಮೇಲಿನವರ ಲೆಕ್ಕ. 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾದ ಬೋಯರ್ ಯುದ್ಧದಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಎದುರಿನವರು ಮೌಸರ್ ರೈಫಲ್‌ಗೆ ಐದು ತೋಟಾದ ಕ್ಲಿಪ್ಪನ್ನು ಒಂದೇ ಸಲ ಒತ್ತುತ್ತಿದ್ದರೆ, ಇವರು ಒಂದೊಂದೇ ಹೆಕ್ಕಿ ತುಂಬುತ್ತಿದ್ದರು. ಆಮೇಲೆ ಬಂದ ಶಾರ್ಟ್ ಲೀ-ಎನ್‌ಫೀಲ್ಡ್‌ಗೆ ಐದೈದು ತುಂಬುವ ಚಾರ್ಜರ್ ಸೇರಿತು. 1916ರಲ್ಲಿ, ಯುದ್ಧದ ಅವಸರದಲ್ಲಿ, ಕಟ್-ಆಫ್ ಕೈಬಿಟ್ಟ ಮಾದರಿಯೂ ಬಂತು. ರಿಮ್ ಕದಲಲಿಲ್ಲ.

ನಿಮ್ಮ ಮ್ಯಾಗಜಿನ್ ಹತ್ತು ಹಿಡಿಯುತ್ತಿಲ್ಲ ಅಂದರೆ ಪರೀಕ್ಷೆ ಮದ್ದಿಲ್ಲದ ಡಮ್ಮಿ ತೋಟಾದಲ್ಲೇ ಮಾಡಿ, ನಿಜವಾದದ್ದು ಆ ಕೋಣೆಯಲ್ಲೇ ಇರಬಾರದು. ಮ್ಯಾಗಜಿನ್ ಬಿಚ್ಚಿ ಒಳಗೆ ಬೆರಳಾಡಿಸಿ. ಎಷ್ಟೋ ವರ್ಷ ಗೋದಾಮಿನಲ್ಲಿದ್ದ ರೈಫಲ್‌ನಲ್ಲಿ ಗ್ರೀಸ್ ಮೂಲೆಯಲ್ಲಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅಷ್ಟೇ ಸಾಕು, ಸ್ಪ್ರಿಂಗ್ ಪೂರ್ತಿ ಮಡಚುವುದಿಲ್ಲ, ಕೊನೆಯ ತೋಟಾಕ್ಕೆ ಜಾಗವಿಲ್ಲ. ಆಮೇಲೆ ತೋಟಾ ಕೂರುವ ಪ್ಲಾಟ್‌ಫಾರಂ ಒತ್ತಿ ನೋಡಿ, ಓರೆಯಾಗಿ ಸಿಕ್ಕಿಕೊಂಡಿದೆಯಾ ಅಂತ. ಪಕ್ಕದ ತಗಡು ಎಲ್ಲಾದರೂ ಒಳಕ್ಕೆ ತಗ್ಗಿದೆಯಾ ಅಂತಲೂ ನೋಡಿ. ನಂಬರ್ 1 (ಅದೇ ಶಾರ್ಟ್ ಲೀ-ಎನ್‌ಫೀಲ್ಡ್) ಮತ್ತು ಅದರ ನಂತರದ ನಂಬರ್ 4 ರೈಫಲ್‌ಗಳ ಮ್ಯಾಗಜಿನ್ ಅವಳಿಗಳಂತೆ ಕಂಡರೂ ಒಂದರದ್ದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಇದೆಲ್ಲ ಸರಿ ಇದ್ದರೆ ರಿಮ್‌ಗಳ ಕಡೆ ಬನ್ನಿ. ಒಂದೊಂದಾಗಿ ತುಂಬುವಾಗ ಪ್ರತಿ ತೋಟಾದ ರಿಮ್ ಕೆಳಗಿನದರ ಮುಂದೆ ಕೂರುತ್ತಿದೆಯೇ? ಮ್ಯಾಗಜಿನ್ ಬಾಯಿಯ ತುಟಿಗಳನ್ನು ಇಕ್ಕಳದಲ್ಲಿ ಬಗ್ಗಿಸುವುದು ಮಾತ್ರ ಕಟ್ಟಕಡೆಯ ಮಾತು. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಅವನ್ನು ಆಯಾ ರೈಫಲ್‌ಗೆ ಹೊಂದುವಂತೆ ಕೈಯಲ್ಲಿ ತಿದ್ದಿ ಕೂರಿಸಿರುತ್ತಿದ್ದರು.

ರಿಮ್ ಎಷ್ಟು ಜಾಗ ತಿನ್ನುತ್ತಿತ್ತು ಅನ್ನುವುದಕ್ಕೆ ಒಂದು ಸಾಕ್ಷಿ ಅಮೆರಿಕದಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಕಾರ್ಖಾನೆಗಳು ಬ್ರಿಟನ್‌ಗಾಗಿ ಪ್ಯಾಟರ್ನ್ 14 ರೈಫಲ್ ಮಾಡಿದವು. .303 ತೋಟಾ, ಮ್ಯಾಗಜಿನ್‌ಗೆ ಐದು. ಅದೇ ರೈಫಲ್ಲನ್ನು ಅಮೆರಿಕ ತನ್ನ ರಿಮ್ ಇಲ್ಲದ ತೋಟಾಕ್ಕೆ ಬದಲಿಸಿ 1917ರ ಮಾದರಿ ಮಾಡಿಕೊಂಡಾಗ ಆರು ಹಿಡಿಯಿತು.

ನಮ್ಮಲ್ಲಿ ಆ ಬದಲಾವಣೆ ಬಂದದ್ದು ಚೀನಾ ಯುದ್ಧದ ನಂತರ, 1960ರ ದಶಕದಲ್ಲಿ. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆ ಅದೇ ಹಳೆಯ ವಿನ್ಯಾಸವನ್ನು ರಿಮ್ ಇಲ್ಲದ 7.62 ಮಿ.ಮೀ. ತೋಟಾಕ್ಕೆ ಹೊಂದಿಸಿತು. ಮ್ಯಾಗಜಿನ್ ಚೌಕ ಆಯಿತು, ಹನ್ನೆರಡು ಹಿಡಿಯಿತು. ಆದರೂ ಪೊಲೀಸರ ಹೆಗಲಲ್ಲಿ .303 ಬಹಳ ಕಾಲ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ದಿನ.

ಇನ್ನೊಂದು ಮಾತು. ಇದೇ ರೈಫಲ್ಲನ್ನು ಪೊಲೀಸರಿಗೆ, ಕಾವಲಿನವರಿಗೆ ಕೊಡಲು ಇಶಾಪುರದಲ್ಲಿ .410 ಮಸ್ಕೆಟ್ ಆಗಿ ಬದಲಿಸುತ್ತಿದ್ದರು. ನಳಿಗೆಯ ಒಳಗೆ ಸಪಾಟು, ಒಂದು ಸಲಕ್ಕೆ ಒಂದೇ ತೋಟಾ. ಹೊರಗಿಂದ ಮ್ಯಾಗಜಿನ್ ಮಾಮೂಲಿನಂತೆಯೇ ಕಾಣುತ್ತದೆ. ಅದಕ್ಕೆ ಒಂದು ತೋಟಾವೂ ಇಳಿಯುತ್ತಿಲ್ಲ ಅಂತ ಪರದಾಡಿ ಕೊನೆಗೆ ಬಾಯಿಗೆ ಟಾರ್ಚ್ ಹಿಡಿದರೆ, ಒಳಗೆ ಕಾಣುವುದು ಅಳತೆಗೆ ಕೊರೆದು ತುಂಬಿದ ಮರದ ತುಂಡು.