ಅಕ್ಕೋರೆ, ಅಲ್ಲಿ ಮಳೆನೀರು ಎಲ್ಲಿಗೆ ಹೋಗ್ತದೆ?

ನೆದರ್ಲೆಂಡ್ಸ್‌ನಿಂದ ವಾಪಸಾದ ವಾರವೇ ಒಂಬತ್ತನೇ ತರಗತಿಗೆ ಎಪ್ಪತ್ತು ಚಿತ್ರ ತೋರಿಸಿದೆ. ಶಿಕ್ಷಕರ ವಿನಿಮಯ ಕಾರ್ಯಕ್ರಮದಲ್ಲಿ ಮೂರು ವಾರ ಇದ್ದು ಬಂದಿದ್ದೆ. ಗಾಳಿಗಿರಣಿ, ಟ್ಯುಲಿಪ್ ಹೊಲ, ಸೈಕಲ್ಲು, ಕಾಲುವೆ ಎಲ್ಲವೂ ಇದ್ದವು. ಮಕ್ಕಳು ಶಿಸ್ತಾಗಿ ಕೂತು ನೋಡಿದರು. ಪ್ರೊಜೆಕ್ಟರ್ ಆರಿಸುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. 'ಅಕ್ಕೋರೆ, ಊರು ಸಮುದ್ರಕ್ಕಿಂತ ತಗ್ಗಲ್ಲಿದೆ ಅಂದ್ರಿ. ಹಾಗಾದ್ರೆ ಅಲ್ಲಿ ಮಳೆನೀರು ಎಲ್ಲಿಗೆ ಹೋಗ್ತದೆ?'

ಅವಳ ಮನೆ ಕುಮಟಾದ ಅಘನಾಶಿನಿ ಅಳಿವೆಯ ಪಕ್ಕ. ಮನೆಯವರು ಗಜನಿಯಲ್ಲಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಯಲ್ಲಿ, ಕಗ್ಗ ಎಂಬ ಉಪ್ಪು ತಾಳುವ ಭತ್ತ ಬೆಳೆಯುವವರು. ಉಪ್ಪುನೀರನ್ನು ಹೊರಗಿಡುವುದು, ಮಳೆನೀರನ್ನು ಹೊರಹಾಕುವುದು ಅವಳಿಗೆ ಮನೆಯ ಮಾತು. ನನ್ನ ಎಪ್ಪತ್ತು ಚಿತ್ರಗಳಲ್ಲಿ ಅವಳ ಪ್ರಶ್ನೆಗೆ ಉತ್ತರ ಇರಲಿಲ್ಲ. ಅಂದಿನಿಂದ ವಿದೇಶಕ್ಕೆ ಹೋಗಿಬಂದ ಶಿಕ್ಷಕರು ಸಿಕ್ಕಾಗಲೆಲ್ಲ ನಾನು ಹೇಳುವುದು ಇದನ್ನೇ: ಊರೆಲ್ಲ ತೋರಿಸಬೇಡಿ, ಒಂದೇ ಒಂದು ಪ್ರಶ್ನೆ ಹಿಡಿದು ತನ್ನಿ. ಆ ಪ್ರಶ್ನೆ ಮಕ್ಕಳು ದಿನಾ ನಡೆಯುವ ದಾರಿಯಲ್ಲೂ ಸಿಗುವಂಥದ್ದಾಗಿರಲಿ.

ಮುಂದಿನ ವಾರ ಒಂದೇ ಚಿತ್ರ ಇಟ್ಟುಕೊಂಡು ಹೋದೆ. ಕಿಂಡರ್‌ಡೈಕ್‌ನ ಗಾಳಿಗಿರಣಿಗಳದ್ದು. ಅಲ್ಲಿ 19 ಗಿರಣಿಗಳಿವೆ, ಹೆಚ್ಚಿನವು 1740ರ ಆಸುಪಾಸಿನವು. ಗಿರಣಿ ಅಂದ ಕೂಡಲೇ ಮಕ್ಕಳಿಗೆ ಹೊಳೆಯುವುದು ಹಿಟ್ಟು. ಇವು ಬೀಸಿದ್ದು ಹಿಟ್ಟಲ್ಲ, ಎತ್ತಿದ್ದು ನೀರು. ತಗ್ಗಿನ ಹೊಲದಲ್ಲಿ ನಿಂತ ನೀರನ್ನು ಹಂತಹಂತವಾಗಿ ಮೇಲೆತ್ತಿ ನದಿಗೆ ಬಿಡುತ್ತಿದ್ದವು. ಈಗ ಆ ಕೆಲಸ ಪಂಪುಗಳದ್ದು. ಪಂಪು ನಿಂತರೆ ಮಳೆನೀರು ಅಲ್ಲೇ ನಿಲ್ಲುತ್ತದೆ. ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟೇ.

ಆದರೆ ಪಾಠ ಶುರುವಾದದ್ದೇ ಅಲ್ಲಿಂದ. 'ನಮ್ಮಲ್ಲಿ ಪಂಪು ಯಾಕೆ ಬೇಡ?' ಎಂದು ಕೇಳಿದೆ. ಗಜನಿಯ ಮಕ್ಕಳೇ ಕಪ್ಪುಹಲಗೆಗೆ ಬಂದು ಚಿತ್ರ ಬರೆದರು. ಮಣ್ಣಿನ ಕಟ್ಟೆ, ಅದರಲ್ಲೊಂದು ಬಾಗಿಲು. ಇಳಿತದಲ್ಲಿ ತೆರೆದರೆ ಒಳಗಿನ ನೀರು ತಾನಾಗಿ ಹೊಳೆಗೆ ಇಳಿಯುತ್ತದೆ, ಉಬ್ಬರಕ್ಕೆ ಮೊದಲು ಮುಚ್ಚಿದರೆ ಉಪ್ಪುನೀರು ಹೊರಗೇ ಉಳಿಯುತ್ತದೆ. ಕಗ್ಗದ ಪೈರು ಎತ್ತರಕ್ಕೆ ಬೆಳೆಯುತ್ತದೆ, ಉಪ್ಪನ್ನೂ ಕೆಲವು ದಿನದ ಮುಳುಗಡೆಯನ್ನೂ ತಾಳಿಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲು ಬಿಡುತ್ತಾರೆ. ಆಮೇಲೆ ಉಪ್ಪುನೀರು ಒಳಬಿಟ್ಟರೆ ಆ ಹುಲ್ಲು ಕೊಳೆತು ಸಿಗಡಿ, ಮೀನಿಗೆ ಆಹಾರ. ಇದನ್ನು ಮಕ್ಕಳು ನನಗೆ ಕಲಿಸಿದರು, ನಾನು ಬಯಲುಸೀಮೆಯವಳು. ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತು ಎಂದು ನಾನು ಹೇಳಿದಾಗ ಅವರಿಗೆ ಅದೂ ಹೊಸ ಸುದ್ದಿ.

ಎರಡನೆಯ ಪ್ರಶ್ನೆ ಇನ್ನೂ ಆಳದ್ದು. ಡಚ್ಚರ ಹೊಲ ಸಮುದ್ರಕ್ಕಿಂತ ಕೆಳಗೆ ಹೋದದ್ದು ಹೇಗೆ? ಕೆಲವು ಭಾಗ ಕೆರೆ, ಕೊಲ್ಲಿಗಳನ್ನು ಬತ್ತಿಸಿ ಪಡೆದ ನೆಲ. ಇನ್ನು ಕೆಲವು ಕಡೆ ನೆಲವೇ ಕುಸಿದಿದೆ. ಪಾತ್ರೆ ತೊಳೆಯುವ ದಪ್ಪ ಸ್ಪಂಜೊಂದನ್ನು ನೀರಲ್ಲಿ ನೆನೆಸಿ ತಟ್ಟೆಯ ಮೇಲಿಟ್ಟು, ಸ್ಕೇಲಿನಲ್ಲಿ ಎತ್ತರ ಅಳೆಸಿದೆ. ಮೇಲೊಂದು ಪುಸ್ತಕ ಇಟ್ಟು ನೀರು ಬಸಿದುಹೋದ ಮೇಲೆ ಮತ್ತೆ ಅಳೆಸಿದೆ. ಎತ್ತರ ಇಳಿದಿತ್ತು. ಆ ಪ್ರದೇಶದ ಜೌಗುಮಣ್ಣು ಸಾವಿರಾರು ವರ್ಷ ಸಸ್ಯ ಕೊಳೆತು ಕೂಡಿದ್ದು, ನೀರು ಬಸಿದರೆ ಕುಗ್ಗುತ್ತದೆ. ಸ್ಪಂಜು ಹೇಳುವುದು ಅರ್ಧ ಕಥೆ ಮಾತ್ರ. ಒಣಗಿದ ಆ ಮಣ್ಣಿಗೆ ಗಾಳಿ ತಾಗಿದರೆ ಗೊಬ್ಬರಗುಂಡಿಯ ಕಸದಂತೆ ನಿಧಾನ ಕರಗಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ನೆಲ ಇಳಿದಷ್ಟೂ ಪಂಪಿಗೆ ಕೆಲಸ ಹೆಚ್ಚು, ನೀರು ಎತ್ತಿದಷ್ಟೂ ನೆಲ ಮತ್ತೆ ಇಳಿಯುತ್ತದೆ. 'ಹಾಗಾದ್ರೆ ಇದಕ್ಕೆ ಕೊನೆ ಇಲ್ವಾ?' ಎಂದು ಒಬ್ಬ ಕೇಳಿದ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ಆಗ ಇನ್ನೊಂದು ಸಂಗತಿ ಹೇಳಿದೆ. 1953ರ ಪ್ರವಾಹದಲ್ಲಿ ಅಲ್ಲಿ 1,836 ಜನ ಸತ್ತರು. ಅದಾದ ಮೇಲೆ ಸಮುದ್ರದ ನೀರನ್ನು ಹೊರಗಿಡಲು ಡೆಲ್ಟಾ ಯೋಜನೆಯ ಭಾರೀ ತಡೆಗಳು ಎದ್ದವು. ಆಮ್‌ಸ್ಟರ್‌ಡ್ಯಾಮ್ ನಗರಸಭೆಯ ಕಟ್ಟಡದಲ್ಲಿ ನೀರು ತುಂಬಿದ ಗಾಜಿನ ಕಂಬಗಳಿವೆ. ಅದರಲ್ಲೊಂದು 1953ರ ನೀರಿನ ಮಟ್ಟ ತೋರಿಸುತ್ತದೆ, ಅಲ್ಲಿ ಎತ್ತರ ಅಳೆಯಲು ಸೊನ್ನೆ ಎಂದು ಹಿಡಿಯುವ, ಹೆಚ್ಚುಕಡಿಮೆ ಸಮುದ್ರಮಟ್ಟದ ಗುರುತಿಗಿಂತ 4.55 ಮೀಟರ್ ಮೇಲೆ. ಅದರ ಬುಡದಲ್ಲಿ ನಿಂತು ಕತ್ತೆತ್ತಿದ ಆ ಕ್ಷಣ ನನಗೆ ಯಾವ ಟ್ಯುಲಿಪ್ ಹೊಲಕ್ಕಿಂತಲೂ ಹೆಚ್ಚು ನೆನಪಿದೆ. ಶಾಲೆಯ ಗೋಡೆಯ ಮೇಲೆ ಟೇಪು ಹಿಡಿದು ಅಷ್ಟೆತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಸಿದೆ. ಏಣಿ ಬೇಕಾಯಿತು. 1995ರಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಆಮೇಲೆ ಅವರು ಮೂವತ್ತಕ್ಕೂ ಹೆಚ್ಚು ಕಡೆ ದಂಡೆಯನ್ನು ಹಿಂದೆ ಸರಿಸುವುದೋ ತಗ್ಗಿಸುವುದೋ ಮಾಡಿ ನದಿಗೇ ಜಾಗ ಬಿಟ್ಟುಕೊಟ್ಟರು. ಉಪ್ಪುನೀರಿಗೂ ಒಂದು ಕಾಲ ಅಂತ ಬಿಟ್ಟುಕೊಡುವ ಗಜನಿ ರೈತರ ಮೊಮ್ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಶಿಕ್ಷಕಮಿತ್ರರಿಗೆ ಎರಡು ಎಚ್ಚರಿಕೆಯ ಮಾತು. ಪ್ರವಾಸದಲ್ಲಿ ಕಿವಿಗೆ ಬಿದ್ದ ಅಂಕಿಯನ್ನು ಹಾಗೇ ತರಗತಿಗೆ ಒಯ್ಯಬೇಡಿ. ಅರ್ಧಕ್ಕಿಂತ ಹೆಚ್ಚು ದೇಶ ಸಮುದ್ರಮಟ್ಟಕ್ಕಿಂತ ಕೆಳಗಿದೆ ಎಂದು ಅಲ್ಲಿ ಕೇಳಿದ್ದನ್ನು ನಾನು ಮಕ್ಕಳಿಗೂ ಹೇಳಿಬಿಟ್ಟಿದ್ದೆ. ನಿಜದಲ್ಲಿ ಕೆಳಗಿರುವುದು ಶೇ 26, ಇನ್ನು ಶೇ 29 ನದಿ ಪ್ರವಾಹದ ಅಪಾಯವಿರುವ ಭಾಗ. ಎರಡನ್ನೂ ಕೂಡಿಸಿ ಶೇ 55 ಎನ್ನುವ ತಪ್ಪು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯ 2007ರ ವರದಿಯಲ್ಲೇ ನುಸುಳಿ, 2010ರಲ್ಲಿ ತಿದ್ದುಪಡಿ ಆಯಿತು. ನನ್ನ ತಪ್ಪನ್ನು ಮಕ್ಕಳೆದುರೇ ತಿದ್ದಿಕೊಂಡೆ. ಅಂಕಿ ಪರಿಶೀಲಿಸುವುದು ಹೇಗೆಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು, ವಿಮಾನದ ಲೆಕ್ಕ. ಪರಿಸರದ ಪಾಠ ಮಾಡುವವರು ತಾವು ಹಾರಿದ್ದನ್ನು ಮುಚ್ಚಿಡಬಾರದು. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಸುಮಾರು 7,700 ಕಿ.ಮೀ. ಹೋಗಿಬರುವಷ್ಟರಲ್ಲಿ ಒಬ್ಬರ ಪಾಲಿಗೆ ಒಂದು ಟನ್ನಿನ ಆಸುಪಾಸು ಇಂಗಾಲದ ಡೈಆಕ್ಸೈಡ್. ಭಾರತದ ತಲಾ ವಾರ್ಷಿಕ ಪ್ರಮಾಣ ಸುಮಾರು ಎರಡು ಟನ್. ಹಲಗೆಯ ಮೇಲೆ ಭಾಗಾಕಾರ ಮಾಡಿದ ಹುಡುಗ ತಿರುಗಿ ನೋಡಿ, 'ಆರು ತಿಂಗಳದ್ದು ಆಯ್ತಲ್ಲ ಅಕ್ಕೋರೆ' ಎಂದ. ಹೌದು ಎಂದೆ. ಅಷ್ಟು ಖರ್ಚಿಗೆ ಏನು ತಂದಿರಿ ಎಂದು ಮಕ್ಕಳು ಕೇಳುವ ಹಕ್ಕುಳ್ಳವರು.

ನೆದರ್ಲೆಂಡ್ಸ್‌ನಲ್ಲಿ ದಂಡೆ, ಪಂಪು ನೋಡಿಕೊಳ್ಳುವ ನೀರಿನ ಮಂಡಳಿಗಳಿಗೆ ಜನರೇ ಮತ ಹಾಕುತ್ತಾರೆ, ಅವು ತಮ್ಮದೇ ತೆರಿಗೆ ಎತ್ತುತ್ತವೆ. ಅವುಗಳ ಬೇರು ಹದಿಮೂರನೆಯ ಶತಮಾನದ್ದು. ಇದನ್ನು ಹೇಳಿ, ನಿಮ್ಮ ಗಜನಿಯ ಬಾಗಿಲು ತೆರೆಯುವುದು ಯಾರು, ಕಟ್ಟೆ ಒಡೆದರೆ ದುಡ್ಡು ಕೊಡುವುದು ಯಾರು ಎಂದು ಅಜ್ಜನನ್ನು ಕೇಳಿ ಬರಲು ಹೇಳಿದ್ದೇನೆ. ಮೊದಲ ಪ್ರಶ್ನೆ ಕೇಳಿದ ಹುಡುಗಿ ಎರಡು ಪುಟ ಬರೆದು ತಂದಿದ್ದಾಳೆ. ಶನಿವಾರ ಇಳಿತದ ಹೊತ್ತು ನೋಡಿಕೊಂಡು ತರಗತಿಯನ್ನು ಅವರ ಕಟ್ಟೆಗೇ ಕರೆದೊಯ್ಯುತ್ತೇನೆ, ಅಂದು ಪಾಠ ಮಾಡುವವರು ಅವಳ ಅಜ್ಜ.