ಸ್ಟೈಪೆಂಡ್ ಕೊಡುವ ಇಂಟರ್ನ್‌ಶಿಪ್ ನಮ್ಮ ಬಳ್ಳಾರಿ ಕಡೆ ಸಿಗುತ್ತದಾ?

ಪ್ರಶ್ನೆ: ಮೇಡಂ, ನಾನು ಸಂಡೂರು ತಾಲ್ಲೂಕಿನವನು. ಈ ವರ್ಷ ಬಿ.ಎಸ್ಸಿ. ಮುಗಿಸಿದೆ, ಕೆಮಿಸ್ಟ್ರಿ ಇತ್ತು. ಎಲ್ಲಿ ಹೋದರೂ ಅನುಭವ ಕೇಳುತ್ತಾರೆ. ಇಂಟರ್ನ್‌ಶಿಪ್ ಮಾಡೋಣ ಅಂದರೆ ಒಂದು ಕಡೆ ಆರು ಸಾವಿರ ಕಟ್ಟಿ ಅನ್ನುತ್ತಿದ್ದಾರೆ. ದುಡ್ಡು ಕೊಟ್ಟು ಕಲಿಸುವವರು ಯಾರೂ ಇಲ್ವಾ? ಅದಕ್ಕೆ ಬೆಂಗಳೂರಿಗೇ ಹೋಗಬೇಕಾ?

ಉತ್ತರ: ಬೇಡ, ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆ ಆರು ಸಾವಿರವನ್ನಂತೂ ದಯವಿಟ್ಟು ಕಟ್ಟಬೇಡಿ.

ನಾನು ಕಟ್ಟಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಕೊನೆಯ ವರ್ಷದಲ್ಲಿ ನಾವು ಎಂಟು ಜನ ಗೆಳತಿಯರು ತಲಾ ನಾಲ್ಕು ಸಾವಿರ ಕೊಟ್ಟು ಒಂದು ಸಂಸ್ಥೆಗೆ ಸೇರಿದೆವು. ಹದಿನೈದು ದಿನ ಪ್ರೊಜೆಕ್ಟರ್ ಮುಂದೆ ಕೂರಿಸಿದರು. ಕೊನೆಗೆ ಬಂಗಾರದ ಬಣ್ಣದ ಅಂಚಿನ ಸರ್ಟಿಫಿಕೇಟ್ ಕೊಟ್ಟರು. ಅದನ್ನು ಹಿಡಿದುಕೊಂಡು ಒಂದು ಅದಿರಿನ ಲ್ಯಾಬಿಗೆ ಸಂದರ್ಶನಕ್ಕೆ ಹೋದೆ. ಅಲ್ಲಿದ್ದ ಹಿರಿಯರು ಅದನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು: "ಲಾರಿ ಅದಿರು ಬಂದು ನಿಂತಿದೆ. ನಿನಗೆ ಬೇಕಾಗಿರೋದು ಅರ್ಧ ಕೆಜಿ ಸ್ಯಾಂಪಲ್. ಹೆಂಗ ತೆಗೀತೀಯಮ್ಮ?" ನನಗೆ ಗೊತ್ತಿರಲಿಲ್ಲ. ನಾಲ್ಕು ಸಾವಿರ ತಗೊಂಡವರು ಹೇಳಿಕೊಟ್ಟಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಆಮೇಲೆ ಅದೇ ಲ್ಯಾಬಿನಲ್ಲಿ ಅಪ್ರೆಂಟಿಸ್ ಆಗಿ, ಅಂದರೆ ಸ್ಟೈಪೆಂಡ್ ತಗೊಂಡು ಕೆಲಸ ಕಲಿಯುವವಳಾಗಿ ಸೇರಿಕೊಂಡೆ. ಅವರೇ ಕಲಿಸಿದರು. ಅಲ್ಲಿಂದ ಇಲ್ಲಿಂದ ಎತ್ತಿ ತಂದ ಅದಿರನ್ನು ಕಬ್ಬಿಣದ ತಗಡಿನ ಮೇಲೆ ಹಾಕಬೇಕು. ಸಲಿಕೆಯಿಂದ ಗೋಪುರದ ಹಾಗೆ ಗುಡ್ಡೆ ಮಾಡಬೇಕು. ಪ್ರತಿ ಸಲಿಕೆಯೂ ಸರಿಯಾಗಿ ತುದಿಯ ಮೇಲೇ ಬೀಳಬೇಕು, ಆಗ ನಾಲ್ಕೂ ಕಡೆ ಸಮನಾಗಿ ಜಾರುತ್ತದೆ. ಆಮೇಲೆ ಅದನ್ನು ರೊಟ್ಟಿಯ ಹಾಗೆ ತಟ್ಟಿ ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಬೇಕು. ಎದುರುಬದುರಾಗಿರುವ ಎರಡು ಭಾಗ ತೆಗೆದು ಹಾಕಬೇಕು. ಉಳಿದ ಎರಡನ್ನು ಕಲಸಿ ಮತ್ತೆ ಗುಡ್ಡೆ, ಮತ್ತೆ ನಾಲ್ಕು ಭಾಗ. ಅರ್ಧ ಕೆಜಿ ಆಗುವವರೆಗೂ ಇದೇ. ಯಾಕೆ ಅಂದರೆ ಗುಡ್ಡೆ ಹಾಕಿದಾಗ ದಪ್ಪ ಕಲ್ಲುಗಳು ಉರುಳಿ ಹೊರಗೆ ಬರುತ್ತವೆ, ಪುಡಿ ನಡುವೆ ಉಳಿಯುತ್ತದೆ. ಸುಮ್ನೆ ಒಂದು ಮೂಲೆಯಿಂದ ಬಾಚಿಕೊಂಡರೆ ಕಬ್ಬಿಣದ ಅಂಶದ ಲೆಕ್ಕವೇ ತಪ್ಪುತ್ತದೆ. ಅದಿರಿನ ರೇಟು ನಿಲ್ಲೋದೇ ಆ ಲೆಕ್ಕದ ಮೇಲೆ. ಮೂರನೇ ವಾರದ ಹೊತ್ತಿಗೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಕೆಲಸ ಬಂದಿತ್ತು.

ನಿಮಗೆ ಬೇಕಾಗಿರುವುದು ಇಂಥ ಜಾಗ. ಅದಕ್ಕೆ ಕಾನೂನಿನ ಬಲವೂ ಇದೆ.

"ಇಂಟರ್ನ್‌ಶಿಪ್" ಅನ್ನುವ ಮಾತಿನಲ್ಲಿ ಎಲ್ಲವೂ ಸೇರಿಹೋಗಿದೆ. ಕಾಲೇಜಿನಲ್ಲಿ ಓದುತ್ತಿರುವಾಗಲೇ ಎರಡು ನಾಲ್ಕು ವಾರ ಮಾಡುವ ಇನ್‌ಪ್ಲಾಂಟ್ ಟ್ರೈನಿಂಗ್‌ಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಪ್ರಿನ್ಸಿಪಾಲರ ಪತ್ರ ಹಿಡಿದು ಕೇಳಿಕೊಂಡು ಹೋಗುವಂಥದ್ದು. ಓದು ಮುಗಿದ ಮೇಲೆ ಸ್ಟೈಪೆಂಡ್ ಬೇಕು ಅಂದರೆ ಹಿಡಿಯಬೇಕಾದ ದಾರಿ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆ ಅದರ ಹಿಂದಿದೆ. ಐಟಿಐ ಹುಡುಗರಿಗೆ ಮಾತ್ರ ಅಂತ ನಮ್ಮ ಕಡೆ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಬಿ.ಇ., ಡಿಪ್ಲೊಮಾ ಆದವರಿಗೂ ಇದೆ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಆದವರಿಗೂ ಇದೆ.

ಈ ಕಾಯ್ದೆಯಲ್ಲಿ ನಿಮಗೆ ತುಂಬ ಉಪಯೋಗಕ್ಕೆ ಬರುವ ಒಂದು ಮಾತಿದೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಎಷ್ಟು? ಒಟ್ಟು ಸಿಬ್ಬಂದಿಯ 2.5ರಿಂದ 15 ಪರ್ಸೆಂಟ್. ಅಂದರೆ ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆಗೆ ಮಾತ್ರ ಅಲ್ಲ, ನೀವು ದಿನಾ ಬಸ್ಸಿನಲ್ಲಿ ದಾಟಿಹೋಗುವ ಸ್ಪಾಂಜ್ ಐರನ್ ಯೂನಿಟ್‌ಗೂ ಇದು ಅನ್ವಯಿಸುತ್ತದೆ. ಎಷ್ಟೋ ಸಣ್ಣ ಯೂನಿಟ್‌ಗಳಿಗೆ ಯಾರೂ ಬಂದು ಕೇಳುವುದೇ ಇಲ್ಲ. ನೀವು ಹೋಗಿ ಕೇಳಿ.

ದುಡ್ಡಿನ ವಿಷಯಕ್ಕೆ ಬರೋಣ. 2019ರಲ್ಲಿ ತಿದ್ದಿದ ನಿಯಮದಲ್ಲಿ ಡಿಗ್ರಿ ಆದವರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಅಂತ ಇಟ್ಟರು. ಇದನ್ನು 36 ಪರ್ಸೆಂಟ್ ಏರಿಸಬೇಕು ಅಂತ 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಹಾಗಾಗಿ ಸೇರುವ ದಿನ ಜಾರಿಯಲ್ಲಿರುವ ಮೊತ್ತ ಎಷ್ಟು ಅಂತ ಒಮ್ಮೆ ನೋಡಿಕೊಳ್ಳಿ. ಇದು ಕನಿಷ್ಠ ಮಾತ್ರ, ಕಂಪನಿ ಜಾಸ್ತಿ ಕೊಡಬಹುದು. ಕೆನರಾ ಬ್ಯಾಂಕ್ 2024ರಲ್ಲಿ 3,000 ಅಪ್ರೆಂಟಿಸ್‌ಗಳನ್ನು ಕರೆದಾಗ ತಿಂಗಳಿಗೆ 15,000 ಅಂದಿತ್ತು. ಅದಕ್ಕೆ ಸ್ಥಳೀಯ ಭಾಷೆ ಬರಬೇಕಿತ್ತು, ಹತ್ತನೇ ಕ್ಲಾಸಿನವರೆಗೆ ಕನ್ನಡ ಓದಿದವರಿಗೆ ಅದೇನು ಕಷ್ಟ ಅಲ್ವಾ?

9,000 ಕಡಿಮೆಯೇ, ನಾನು ಒಪ್ಪುತ್ತೇನೆ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟಕ್ಕೇ ಅದು ಮುಗಿದುಹೋಗುತ್ತದೆ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿಬರುವವರಿಗೆ ಅದೇ ದುಡ್ಡಿಗೆ ಬೇರೆ ಬೆಲೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾದಾ ಬಸ್ಸಿಗೆ ಚಾರ್ಜೂ ಇಲ್ಲ. "ಇಷ್ಟು ದೂರ ಯಾಕೆ ಕಳಿಸಲಿ" ಅನ್ನುವ ಅಪ್ಪ ಅಮ್ಮನಿಗೆ ಈ ಲೆಕ್ಕ ಹೇಳಿ ನೋಡಿ.

ಎಲ್ಲಿ ಕೇಳಬೇಕು? ನಿಮ್ಮ ತಾಲ್ಲೂಕಿನಲ್ಲೇ ದೋಣಿಮಲೈನಲ್ಲಿ ಕೇಂದ್ರ ಸರ್ಕಾರದ ಕಬ್ಬಿಣದ ಅದಿರಿನ ಗಣಿ ಕಂಪನಿ ಎನ್‌ಎಂಡಿಸಿ ಇದೆ, ತೋರಣಗಲ್ಲು ಇದೆ. ಕುಡಿತಿನಿಯಲ್ಲಿ ಬಳ್ಳಾರಿ ಥರ್ಮಲ್ ವಿದ್ಯುತ್ ಸ್ಥಾವರ, ಶಕ್ತಿನಗರದಲ್ಲಿ ರಾಯಚೂರು ಥರ್ಮಲ್. ಲಿಂಗಸೂಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ. ಕೊಪ್ಪಳದ ಕಡೆ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಬ್ಬಿಣದ ಕಾರ್ಖಾನೆ. ಕೆಮಿಸ್ಟ್ರಿ ಓದಿದವರಿಗೆ ಇಂಥ ಕಡೆಯೆಲ್ಲ ಲ್ಯಾಬ್ ಇರುತ್ತದೆ. ಥರ್ಮಲ್‌ನಲ್ಲಿ ಕಲ್ಲಿದ್ದಲು ಮತ್ತು ಬಾಯ್ಲರ್ ನೀರು ಪರೀಕ್ಷೆ, ಗಣಿಯಲ್ಲಿ ಅದಿರು. ದೊಡ್ಡ ಕಂಪನಿಯಲ್ಲಿ ಮಾಡಿದರೆ ಹೆಸರು ಸಿಗುತ್ತದೆ, ಸಣ್ಣ ಲ್ಯಾಬಿನಲ್ಲಿ ಮಾಡಿದರೆ ಕೈಗೆ ಕೆಲಸ ಜಾಸ್ತಿ ಸಿಗುತ್ತದೆ. ನನ್ನನ್ನು ಕೇಳಿದರೆ ನಿಮಗೆ ಎರಡನೆಯದೇ ಒಳ್ಳೆಯದು. ದೊಡ್ಡ ಕಡೆ ಒಬ್ಬೊಬ್ಬ ಅಪ್ರೆಂಟಿಸ್ ವರ್ಷಪೂರ್ತಿ ರಿಜಿಸ್ಟರ್ ಬರೆದು ಎದ್ದು ಬಂದದ್ದನ್ನು ನೋಡಿದ್ದೇನೆ.

ಡಿಗ್ರಿ, ಡಿಪ್ಲೊಮಾದವರು ನ್ಯಾಟ್ಸ್ (ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಶುಲ್ಕ ಇಲ್ಲ. ಕಂಪನಿ ನಿಮ್ಮನ್ನು ಆರಿಸಿಕೊಂಡ ಮೇಲೆ ಇಬ್ಬರ ನಡುವೆ ಒಂದು ಕರಾರು ಆಗುತ್ತದೆ, ಅದು ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ಆ ಕರಾರಿನ ಪ್ರತಿ ನಿಮ್ಮ ಕೈಯಲ್ಲಿ ಇರಲೇಬೇಕು. "ಕರಾರು ಆಮೇಲೆ ಮಾಡೋಣ, ನಾಳೆಯಿಂದ ಬಾ" ಅಂದರೆ ಹೋಗಬೇಡಿ. ಯಾಕೆ ಅಂದರೆ ಪ್ಲಾಂಟಿನಲ್ಲಿ ಪೆಟ್ಟಾದರೆ ಪರಿಹಾರ ಸಿಗಬೇಕು ಅಂತ ಕಾಯ್ದೆ ಹೇಳುತ್ತದೆ. ನೀವು ಅಪ್ರೆಂಟಿಸ್ ಅನ್ನುವುದಕ್ಕೆ ಕಾಗದವೇ ಇಲ್ಲದಿದ್ದರೆ ಯಾವ ಮುಖ ಹೊತ್ತು ಕೇಳುತ್ತೀರಿ? ಮಾರ್ಕ್ಸ್ ಕಾರ್ಡಿನ ಒರಿಜಿನಲ್ ತೋರಿಸಿ, ಬಿಟ್ಟು ಬರಬೇಡಿ. ಡಿಪಾಸಿಟ್, ಯೂನಿಫಾರಂ ದುಡ್ಡು, ರಿಜಿಸ್ಟ್ರೇಷನ್ ಫೀ ಅಂತ ಏನೇ ಹೆಸರಿನಲ್ಲಿ ಕೇಳಿದರೂ ಅಲ್ಲಿಂದ ಎದ್ದು ಬನ್ನಿ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆಯೂ ಕೇಳುವವರಿದ್ದಾರೆ. ಅದು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 21ರಿಂದ 24 ವಯಸ್ಸಿನವರಿಗೆ, ಹನ್ನೆರಡು ತಿಂಗಳು, ತಿಂಗಳಿಗೆ 5,000, ಜೊತೆಗೆ ಒಂದು ಸಲ 6,000 ಅಂತ ಆಗ ಹೇಳಿದ್ದರು. ಡಿಗ್ರಿ ಇರುವವರು ಮೊದಲು ಅಪ್ರೆಂಟಿಸ್‌ಶಿಪ್ ಪ್ರಯತ್ನಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಆಗಿನ ಲೆಕ್ಕದಲ್ಲಿ ಅದರಲ್ಲೇ ದುಡ್ಡು ಜಾಸ್ತಿ, ಕಾಯ್ದೆಯ ರಕ್ಷಣೆಯೂ ಇದೆ.

ವರ್ಷ ಮುಗಿದ ಮೇಲೆ ಅಲ್ಲೇ ಕೆಲಸ ಕೊಡುತ್ತಾರಾ? ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಅಪ್ರೆಂಟಿಸ್ ಅಂದರೆ ಕಲಿಯುವವನು, ನೌಕರ ಅಲ್ಲ. ಪಿಎಫ್ ಕೂಡ ಇರುವುದಿಲ್ಲ. ಇದನ್ನು ತಿಳಿದೇ ಸೇರಿ. ಮನೆಯವರಿಗೂ ಮೊದಲೇ ಹೇಳಿಬಿಡಿ, ಆಮೇಲೆ "ಪರ್ಮನೆಂಟ್ ಯಾವಾಗ" ಅಂತ ಪ್ರತಿ ಹಬ್ಬಕ್ಕೂ ಕೇಳುತ್ತಾರೆ. ಆದರೆ ಕೈಗೆ ಬಂದ ಕೆಲಸ ನಿಮ್ಮ ಜೊತೆ ಬರುತ್ತದೆ. ನನಗೂ ಆ ಲ್ಯಾಬಿನಲ್ಲಿ ಕೆಲಸ ಸಿಗಲಿಲ್ಲ. ಮುಂದಿನ ಜಾಗದಲ್ಲಿ ಸಂದರ್ಶನ ಮಾಡಿದವರು ಸ್ಯಾಂಪಲ್ ಪ್ರಶ್ನೆಯನ್ನೇ ಕೇಳಿದರು, ಈ ಸಲ ಅವರಿಗೆ ಸಲಿಕೆ ಹಿಡಿದು ಮಾಡಿ ತೋರಿಸಿದೆ.

ಯುವನಿಧಿ ತಗೊಳ್ಳುತ್ತಿರುವವರಿಗೆ ಒಂದು ಎಚ್ಚರ. ಅಪ್ರೆಂಟಿಸ್ ಸ್ಟೈಪೆಂಡ್ ಬರುವವರಿಗೆ ಯುವನಿಧಿ ಸಿಗುವುದಿಲ್ಲ. ಸೇರಿದ ಕೂಡಲೇ ತಿಳಿಸಿಬಿಡಿ. ಎರಡೂ ತಗೊಂಡು ಆಮೇಲೆ ವಾಪಸ್ ಕಟ್ಟುವ ಪಾಡು ಬೇಡ.

ಇನ್ನೊಂದು ಸಣ್ಣ ಕೆಲಸ ಇದೆ, ಅದನ್ನು ಈ ವಾರವೇ ಮಾಡಿ. ಸ್ಟೈಪೆಂಡಿನಲ್ಲಿ ಸರ್ಕಾರದ ಪಾಲು ನೇರವಾಗಿ ನಿಮ್ಮ ಖಾತೆಗೆ ಬರುತ್ತದೆ. ಗೃಹಲಕ್ಷ್ಮಿ ದುಡ್ಡಿಗೆ ಎಷ್ಟೋ ಅಮ್ಮಂದಿರು ಬ್ಯಾಂಕಿಗೆ ಅಲೆದದ್ದು ನೆನಪಿದೆಯಲ್ಲ? ಅದೇ ಆಧಾರ್ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಯಾವ ಖಾತೆಗೆ ಬೀಳಬೇಕು ಅಂತ ಆಧಾರ್ ನಂಬರಿಗೆ ಜೋಡಿಸುವುದು, ಇದಕ್ಕೂ ಬೇಕು. ಖಾತೆಗೆ ಆಧಾರ್ ಕೊಟ್ಟಿದ್ದೇನೆ ಅಂದರೆ ಸಾಲದು, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಮ್ಯಾಪಿಂಗ್ ಆಗಿದೆಯಾ ಅಂತ ಕೌಂಟರಿನಲ್ಲಿ ಕೇಳಿ. ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಮೂರರಲ್ಲೂ ಹೆಸರಿನ ಇನಿಶಿಯಲ್ ಒಂದೇ ಥರ ಇದೆಯಾ ಅಂತಲೂ ನೋಡಿಕೊಳ್ಳಿ.