ಈಶ್ವರಪ್ಪನವರ ಓಟಾ, ಪಾರ್ಟಿ ಓಟಾ?

ಪೊಲಿಟಿಕಲ್ ಸೈನ್ಸ್ ಮೇಷ್ಟ್ರು ಅಂತ ಗೊತ್ತಾದ್ರೆ ಮುಗೀತು, ಶಿವಮೊಗ್ಗದ ಗೋಪಿ ಸರ್ಕಲ್ ಹತ್ರ ಟೀಗೆ ನಿಂತ್ರೂ ಯಾರಾದ್ರೂ ಕೇಳ್ತಾರೆ, "ಸಾರ್, ಈಶ್ವರಪ್ಪನೋರು ಅಷ್ಟು ಸಲ ಗೆದ್ರಲ್ಲ, ಅದು ಅವ್ರ ಓಟಾ ಪಾರ್ಟಿ ಓಟಾ?" ನಾನು ಮೊದ್ಲು ಶಿವಮೊಗ್ಗ ವಿಧಾನಸಭಾ ಕ್ಷೇತ್ರದಲ್ಲಿ ಬಿಜೆಪಿಯ ಕೆ.ಎಸ್. ಈಶ್ವರಪ್ಪನೋರು ಗೆದ್ದ, ಸೋತ ವರ್ಷ ಹೇಳ್ತೀನಿ. 1989, 1994, 2004, 2008, 2018 ಗೆಲುವು. 1999, 2013 ಸೋಲು.

ಹುಟ್ಟಿದ್ದು 1948ರಲ್ಲಿ ಬಳ್ಳಾರಿಲಿ, ಚಿಕ್ಕೋರಿದ್ದಾಗ್ಲೇ ಮನೆಯೋರು ಶಿವಮೊಗ್ಗಕ್ಕೆ ಬಂದ್ರು, ಅಪ್ಪ ಅಮ್ಮ ಅಡಿಕೆ ಮಂಡಿಲಿ ಕೂಲಿ. ಆಮೇಲೆ ಆರೆಸ್ಸೆಸ್ಸು, ಎಬಿವಿಪಿ. 1989ರಲ್ಲಿ ಕಾಂಗ್ರೆಸ್ಸಿನ ಕೆ.ಎಚ್. ಶ್ರೀನಿವಾಸ್ ಅವ್ರನ್ನ ಸೋಲಿಸಿದಾಗ ಇಡೀ ರಾಜ್ಯದಲ್ಲಿ ಬಿಜೆಪಿಗೆ ಬಂದಿದ್ದು ನಾಲ್ಕೇ ಸೀಟು. ಅಲೆ ಗಿಲೆ ಏನೂ ಇರ್ಲಿಲ್ಲ, ಆ ಗೆಲುವನ್ನ ಪಾರ್ಟಿ ಖಾತೆಗೆ ಪೂರ್ತಿ ಬರೆಯೋಕೆ ನನಗಂತೂ ಮನಸ್ಸು ಬರಲ್ಲ.

2013 ಮಾತ್ರ ಬೇರೇನೇ ಕಥೆ. ಯಡಿಯೂರಪ್ಪನೋರು ಬಿಜೆಪಿ ಬಿಟ್ಟು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿದ್ರು, ಡಿಸಿಎಂ ಆಗಿದ್ದ ಈಶ್ವರಪ್ಪ ಮೂರನೇ ಸ್ಥಾನಕ್ಕೆ ಹೋದ್ರು, ಕಾಂಗ್ರೆಸ್ಸಿನ ಪ್ರಸನ್ನಕುಮಾರ್ ಕೆಜೆಪಿಯ ರುದ್ರೇಗೌಡ್ರ ಮೇಲೆ ಗೆದ್ದಿದ್ದು ಬರೀ 278 ಓಟಲ್ಲಿ. ಕೌಂಟಿಂಗ್ ಡ್ಯೂಟಿ ಮಾಡಿದೋರಿಗೆ 278 ಅಂದ್ರೆ ಎಷ್ಟು ಅಂತ ಗೊತ್ತಿರುತ್ತೆ. ಓಟಿನ ಮಿಷಿನ್ನಿನ ಕಂಟ್ರೋಲ್ ಯೂನಿಟ್ ಸೀಲ್ ತೆಗ್ದು ರಿಸಲ್ಟ್ ಬಟನ್ ಒತ್ತಿದ್ರೆ ಒಬ್ಬೊಬ್ಬರ ಓಟು ಬೀಪ್ ಅಂತ ಬರುತ್ತೆ, ಜಾಲರಿ ಆಚೆ ಏಜೆಂಟ್‌ಗಳು ಉಸಿರು ಬಿಗಿಹಿಡ್ಕೊಂಡು ಬರ್ಕೋತಿರ್ತಾರೆ, ಸಿಟಿ ಬೂತಾದ್ರೆ ಒಂದೇ ಮಿಷಿನ್ನಲ್ಲಿ ಐನೂರು ಆರ್ನೂರು ಓಟು ಸಲೀಸಾಗಿ ಇರುತ್ತೆ. ಅಂದ್ರೆ ಈ ಗೆಲುವು ಒಂದು ಬೂತಿನ ಲೆಕ್ಕಾನೂ ಅಲ್ಲ. ಬಿಜೆಪಿ, ಕೆಜೆಪಿ ಓಟು ಕೂಡಿಸಿದ್ರೆ 72 ಸಾವಿರ ದಾಟುತ್ತೆ, ಗೆದ್ದೋರಿಗೆ ಬಂದಿದ್ದು 39 ಸಾವಿರ ಚಿಲ್ಲರೆ. ಊರು ಬದಲಾಗಿರ್ಲಿಲ್ಲ, ಮನೆ ಒಡೆದಿತ್ತು ಅಷ್ಟೆ. ಮನೆ ಒಂದಾದ ಮೇಲೆ 2018ರಲ್ಲಿ ಅದೇ ಪ್ರಸನ್ನಕುಮಾರ್ ಮೇಲೆ 46,107 ಓಟಿನ ಲೀಡು!

2023ರಲ್ಲಿ ಅವ್ರು ಎಲೆಕ್ಷನ್ನೇ ಬೇಡ ಅಂದ್ರು, ಬಿಜೆಪಿಯಿಂದ ಚನ್ನಬಸಪ್ಪ ನಿಂತ್ರು, 27 ಸಾವಿರ ಚಿಲ್ಲರೆ ಲೀಡಲ್ಲಿ ಗೆದ್ರು. ಲೀಡು ಇಳೀತು, ಸೀಟು ಹೋಗ್ಲಿಲ್ಲ. ಮುಂದಿನ ವರ್ಷ ಮಗನಿಗೆ ಹಾವೇರಿ ಟಿಕೆಟ್ ಸಿಗ್ಲಿಲ್ಲ ಅಂತ ಮುನಿಸ್ಕೊಂಡು ಈಶ್ವರಪ್ಪ ಶಿವಮೊಗ್ಗ ಲೋಕಸಭೆಗೆ ಪಕ್ಷೇತರರಾಗಿ ನಿಂತ್ರು, ಪಾರ್ಟಿ ಉಚ್ಚಾಟನೆ ಮಾಡ್ತು, ಬಂದಿದ್ದು 30 ಸಾವಿರ ಆಸುಪಾಸು, ಡಿಪಾಸಿಟ್ ಹೋಯ್ತು.

"ಲೋಕಸಭೆ ಬೇರೆ ಬಿಡಿ ಸಾರ್" ಅಂತಾರೆ ಟೀ ಅಂಗಡಿಲಿ. ಒಪ್ಕೋತೀನಿ, ಬೈಂದೂರು ಸೇರಿ ಎಂಟು ಕ್ಷೇತ್ರ, ಪಕ್ಷೇತರರಿಗೆ ಬೂತಿಗೊಬ್ಬ ಏಜೆಂಟ್ ಕೂರಿಸೋದೇ ಕಷ್ಟ. ಆದ್ರೆ ಅದೇ ಮಾತು ತಿರುಗ್ಸಿ ಕೇಳ್ತೀನಿ ನಾನು, ಇಷ್ಟು ವರ್ಷ ಆ ಏಜೆಂಟ್‌ಗಳನ್ನ ಕೂರಿಸ್ತಿದ್ದಿದ್ದು ಯಾರು ಹೇಳಿ?